ಶೂನ್ಯ ಮಲೇರಿಯಾ ವಾರ್ಡಿನಿಂದ ಒಂದು ನಡುಕ

ಸೊನ್ನೆಯನ್ನೇ ಸಾಧನೆಯೆಂದು ಸಾರಿದ ಮಾನ್ಯ ಆರೋಗ್ಯಾಧಿಕಾರಿಗಳೇ, ಆ ಸೊನ್ನೆಗೆ ಚಪ್ಪಾಳೆ ತಟ್ಟಿದ ಮಹಾಜನಗಳೇ, ಸೊಳ್ಳೆ ಹೊಡೆಯುವುದರಲ್ಲಿ ಚಪ್ಪಾಳೆಗೆ ಕೈ ಬಿಡುವಾಗದ ಗೋವಿಂದರಾಜನಗರದ ನಾಗರಿಕರೇ,

ನಮ್ಮ ವಾರ್ಡಿನಲ್ಲಿ ಈ ತಿಂಗಳು ಮಲೇರಿಯಾ ಸೊನ್ನೆ ಎನ್ನುತ್ತದೆ ನಿಮ್ಮ ಕಚೇರಿಯ ಫಲಕ. ಫಲಕ ಸುಳ್ಳು ಹೇಳುತ್ತಿದೆ. ಶ್ರೀಶೈಲ ಎಂಬ ಇಪ್ಪತ್ತೆಂಟರ ಕಾರ್ಮಿಕ ಇವತ್ತು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಾನೆ.

ಸಿಂಧನೂರು ಕಡೆಯವನು, ನಮ್ಮ ಬೀದಿಯ ಮೂರನೇ ಮಹಡಿಯ ಬಾಡಿಗೆದಾರ. ಮಲೇರಿಯಾಕ್ಕೆ ಹೆಸರಾದ ಮಂಗಳೂರಿನಲ್ಲಿ ಎರಡು ತಿಂಗಳು ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡಿ ಬಂದ ವಾರಕ್ಕೇ ಜ್ವರ ಹಿಡಿಯಿತು. ರಕ್ತಪರೀಕ್ಷೆಯಲ್ಲಿ ಅಸಹಜ ಅಂಕಿಯ ಪಕ್ಕ ನಕ್ಷತ್ರ ಹಾಕುತ್ತಾರಲ್ಲ, ಅವನ ವರದಿಯಲ್ಲಿ ಆಕಾಶವೇ ಇಳಿದಿತ್ತು. ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಕುಸಿದಿತ್ತು, ಹಿಮೋಗ್ಲೋಬಿನ್ ಒಂಬತ್ತಕ್ಕೆ ಜಾರಿತ್ತು, ಬಿಲಿರುಬಿನ್ ಏರಿತ್ತು, ಕಿಡ್ನಿಯ ಕಷ್ಟ ಹೇಳುವ ಕ್ರಿಯಾಟಿನಿನ್ ಮಿತಿ ಮೀರಿತ್ತು. ಇಷ್ಟೆಲ್ಲ ಒಂದೇ ರಕ್ತದಲ್ಲಿ ಕಂಡರೆ ಏನನ್ನು ಅನುಮಾನಿಸಬೇಕು? ಮಲೇರಿಯಾ ಸಾಲಿನ ಮುಂದೆ ಮಾತ್ರ ‘ಕಂಡುಬಂದಿಲ್ಲ’ ಎಂದಿತ್ತು. ವೈದ್ಯರು ನಂಬಿದರು. ಸೊನ್ನೆಯ ವಾರ್ಡಿನಲ್ಲಿ ನಂಬದೆ ಇನ್ನೇನು? ಪ್ಲೇಟ್‌ಲೆಟ್ ನೋಡಿ ಡೆಂಗಿ ಎಂದರು. ಮನೆ ಮಾಲೀಕ ಕೃಷ್ಣಪ್ಪನವರು ಪಪ್ಪಾಯಿ ಎಲೆ ಅರೆಸಿದರು. ಕಣ್ಣು ಹಳದಿಯಾದಾಗ ಕಾಮಾಲೆಯೆಂದು ಬ್ಯಾಡರಹಳ್ಳಿಗೆ ಕರೆದೊಯ್ದು ನಾಟಿ ಔಷಧಿ ಹಾಕಿಸಿದರು. ನಕ್ಷತ್ರಕ್ಕೊಂದು ರೋಗ, ರೋಗಕ್ಕೊಂದು ಪ್ರಯೋಗ.

ಈ ವಿದ್ವತ್ಸಭೆಯಲ್ಲಿ ಸರಿಯಾಗಿ ಗಮನಿಸಿದವಳು ಆರನೇ ತರಗತಿಗೆ ಶಾಲೆ ಬಿಟ್ಟ ಅವನ ಹೆಂಡತಿ ಗುರುದೇವಿ. “ಅಣ್ಣಾರ, ಮೊನ್ನಿ ನಾಕ ಗಂಟೇಕ ನಡುಗಿದ್ರು, ನಿನ್ನಿ ಆರಾಮ ಇದ್ರು, ಇವತ್ತ ಮತ್ತ ನಾಕಕ್ಕ ನಡುಗಾಕತ್ತಾರ. ಇದೇನ್ ಜ್ವರಾನೋ, ಗಡಿಯಾರಾನೋ?” ಎಂದಳು. ನಾನು ವರದಿ ತೋರಿಸಿ ಸಮಾಧಾನ ಹೇಳಿದೆ.

ವರದಿ ಬಂದ ಐದನೇ ದಿನ ಅವನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ದೊಡ್ಡಾಸ್ಪತ್ರೆಯ ಲ್ಯಾಬಿನ ಮುನಿತಾಯಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎರಡೇ ನಿಮಿಷಕ್ಕೆ ತಲೆಯೆತ್ತಿದರು. “ಸ್ಲೈಡ್ ತುಂಬಾ ಮಲೇರಿಯಾನೇ ಇದೆ. ಕಂಡಿಲ್ಲ ಅಂತ ಬರೆದೋರು ಇದನ್ನ ನೋಡಿದ್ರಾ, ಇಲ್ವಾ?”

ಆದ್ದರಿಂದ ಮಾನ್ಯರೇ, ಸ್ಲೈಡ್ ನೋಡಿದವರ ಸಹಿಯಿಲ್ಲದ ಯಾವ ‘ಕಂಡುಬಂದಿಲ್ಲ’ವನ್ನೂ ನಿಮ್ಮ ಸೊನ್ನೆಗೆ ಸೇರಿಸಬೇಡಿ. ಶ್ರೀಶೈಲನ ಜೊತೆ ಮಂಗಳೂರಿಗೆ ಹೋಗಿ ಬಂದ ಇನ್ನೂ ಮೂವರು ಅದೇ ಕಟ್ಟಡದಲ್ಲಿ ನಡುಗುತ್ತಿದ್ದಾರೆ. ನಾಳೆಯೇ ಅವರ ರಕ್ತವನ್ನು ಮನುಷ್ಯರ ಕಣ್ಣಿನಿಂದ ನೋಡಿಸಿ. ಫಲಕವನ್ನು ಆಮೇಲೆ ಒರೆಸಿದರೂ ನಡೆದೀತು.

ಮುನಿತಾಯಮ್ಮನವರ ಪ್ರಶ್ನೆಗೆ ಉತ್ತರ: ನೋಡಿರಲಿಲ್ಲ. ಆ ವರದಿ ಕೊಟ್ಟದ್ದು ನಾನು ಕೆಲಸ ಮಾಡುವ ಲ್ಯಾಬು. ಅಲ್ಲಿ ಸ್ಲೈಡ್ ನೋಡುವ ರುದ್ರೇಶ ಆ ವಾರ ರಜೆಯಲ್ಲಿದ್ದ. ಹಳೆಯ ವರದಿಯ ಮೇಲೆಯೇ ಹೊಸ ಹೆಸರು, ಹೊಸ ಅಂಕಿ ತುಂಬುವುದು ನಮ್ಮಲ್ಲಿ ರೂಢಿ. ‘ಕಂಡುಬಂದಿಲ್ಲ’ ಮೊದಲಿಂದಲೂ ಅಲ್ಲೇ ಕೂತಿರುತ್ತದೆ. ಅವತ್ತು ಟೈಪ್ ಮಾಡಿದವನು ನಾನು. ಗುರುದೇವಿಗೆ ಇನ್ನೂ ಹೇಳಿಲ್ಲ.

ಇಂತಿ,
ಹನ್ನೊಂದು ವರ್ಷದಿಂದ ನಿಮಗೆ ಸೊನ್ನೆ ಒದಗಿಸುತ್ತಿರುವ
ಮಹದೇವ್, ಬಿ.ಎ.