ದಡದ ಮೇಲೆ ಕುರ್ಚಿ ಹಾಕಿಸುತ್ತೇನೆ

ನವೆಂಬರ್ ೧೨, ಭಾನುವಾರ

ಪ್ರೀತಿಯ ಬೀಸಣಿಗೆ,

ನಾನಿಲ್ಲಿ ಕ್ಷೇಮ, ನಿನ್ನ ಮಂಡಿ ಹೇಗಿದೆ? ನೀನು ಎಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೈಯಬೇಡ, ಅದಕ್ಕೇ ಕಾಗದ ಬರೆಯಲು ಕೂತೆ. ನೀನು ಮಗಳ ಮನೆ ಸೇರಿದ ಮೇಲೆ ಕ್ಯಾಂಪಿನ ಕೋಣೆಯಲ್ಲಿ ನಿನ್ನ ಮಂಚದ ಮೇಲೆ ನನ್ನ ಒಗೆದ ಬಟ್ಟೆಗಳು ಮಲಗುತ್ತವೆ. ಅವು ಜಗಳಕ್ಕೂ ಬರುವುದಿಲ್ಲ, ಅದೇ ಬೇಜಾರು.

ಸುದ್ದಿ ಕೇಳು. ನಾನು ಕ್ರೇನಿನಲ್ಲಿ ಕೂತು, ನೀನು ದಡದಲ್ಲಿ ನಿಂತು ಕೈ ಬೀಸಿ, ನಾವಿಬ್ಬರೂ ನದಿಗೆ ಅಡ್ಡಲಾಗಿ ಜೋಡಿಸಿದ ಕಲ್ಲಿನ ಸಾಲು ಈ ಮಳೆಗಾಲದಲ್ಲಿ ನಡುವೆ ಬಾಯಿಬಿಟ್ಟಿತು. ಸಿಮೆಂಟಿಲ್ಲದೆ, ಕಲ್ಲಿಗೆ ಕಲ್ಲೇ ಆಸರೆಯಾಗಿ ಎಷ್ಟು ಪ್ರವಾಹ ತಡೆದಿತ್ತು! ನಾವು ಬೋಳಪ್ಪ ಅನ್ನುತ್ತಿದ್ದ ದೊಡ್ಡ ಕಲ್ಲೇ ಮಾಯ. ನೀರು ಹೊತ್ತುಕೊಂಡು ಹೋಯಿತೆಂದು ಕೆಳಗಿನ ತಿರುವಿನವರೆಗೂ ಹುಡುಕಿ ಬಂದೆ. ಇಂಜಿನಿಯರಮ್ಮ ನಕ್ಕರು. "ಅಷ್ಟು ದೂರ ಯಾಕ್ ಹೋದ್ರಿ? ಇಲ್ಲೇ ಬಿದ್ದಿದೆ ನೋಡಿ. ನೀರು ತಳ್ಳಿಲ್ಲ, ಕಾಲಡಿ ತೋಡಿದೆ." ಸಾಲಿನ ಮೇಲಿಂದ ಧುಮುಕುವ ನೀರು ಬುಡದಲ್ಲೇ ಗುಂಡಿ ತೋಡಿತ್ತಂತೆ. ಮರಳು ಜಾರಿ ಅಡಿಗಲ್ಲು ಗುಂಡಿಗೆ, ಅದರ ಹಿಂದೆ ಬೋಳಪ್ಪನೂ ಗುಂಡಿಗೆ. ಬೀಳುವ ದಿನದವರೆಗೂ ಮೇಲಿಂದ ಎಲ್ಲ ನೆಟ್ಟಗೇ ಕಾಣುತ್ತದಂತೆ.

ಮುಂದಿನ ತಿಂಗಳು ಮತ್ತೆ ಕಟ್ಟುತ್ತೇವೆ, ಈ ಸಲ ಅಡಿಗಲ್ಲು ಆ ಗುಂಡಿಗಿಂತ ಆಳಕ್ಕೆ. ಆದರೆ ನಿನ್ನ ಜಾಗಕ್ಕೆ ಬಂದ ಮೇಸ್ತ್ರಿ ಜೇಬಿನಿಂದ ಕೈ ತೆಗೆಯುವುದೇ ಇಲ್ಲ, ಎಲ್ಲ ವಾಕಿಟಾಕಿಯಲ್ಲೇ. ನನಗೆ ಕೊಟ್ಟಿದ್ದನ್ನು ಕೆಟ್ಟಿದೆಯೆಂದು ವಾಪಸು ಕೊಟ್ಟುಬಿಟ್ಟೆ. "ಹಾಗಾದ್ರೆ ಕೈಸನ್ನೆ ಮಾಡೋರನ್ನ ನೀವೇ ಕರ್ಕೊಂಡ್ ಬನ್ನಿ, ಇಲ್ಲಾಂದ್ರೆ ಕ್ರೇನ್ ಬೇರೆಯವರಿಗೆ ಕೊಡ್ತೀನಿ," ಅಂದಿದ್ದಾರೆ ಇಂಜಿನಿಯರಮ್ಮ. ಕ್ರೇನ್ ಹೋದರೆ ನನಗೆ ಉಳಿಯುವುದೇನು?

ನೀನು ಬರಬೇಕು ಕಣೋ. ನಿಲ್ಲುವುದು ಬೇಡ, ದಡದ ಮೇಲೆ ಕುರ್ಚಿ ಹಾಕಿಸುತ್ತೇನೆ, ಕೂತು ಬೀಸು. ನಿನ್ನ ಅಂಗೈ ನೋಡಿಕೊಂಡೇ ಇಷ್ಟು ವರ್ಷ ಕಲ್ಲಿಳಿಸಿದವನು ನಾನು.

ಮೊಮ್ಮಗಳಿಗೆ ಹಲ್ಲು ಬಂತಾ? ಅವಳಿಗೆ ನನ್ನ ಆಶೀರ್ವಾದ. ನಿನ್ನ ಮಂಡಿಗೂ ಸ್ವಲ್ಪ ಇರಲಿ.

ಇತಿ ನಿನ್ನ,
ಮೊಂಡ

ವಿ.ಸೂ.: ವಾಕಿಟಾಕಿ ಕೆಟ್ಟಿಲ್ಲ. ಕೆಟ್ಟಿರುವುದು ನನ್ನ ಕಿವಿ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನದಿ ಇಳಿದಿದೆ ಅಂದುಕೊಂಡು ಹೊರಗೆ ಬಂದೆ. ದಡ ಮೀರಿ ಹರಿಯುತ್ತಿತ್ತು, ಸದ್ದೇ ಇಲ್ಲ. ಯಾರಿಗೂ ಹೇಳಿಲ್ಲ. ನದಿಯ ಹತ್ತಿರ ಎಲ್ಲರೂ ಕಿರುಚಿಯೇ ಮಾತಾಡುವುದರಿಂದ, ತುಟಿ ನೋಡಿಕೊಂಡು ಹೇಗೋ ಬಚಾವಾಗಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಮೊಬೈಲ್ ನನ್ನ ಎದುರಿಗೇ ಇತ್ತು. ನಿನ್ನ ಹೆಸರು ಮೂಡಿ ಆರುವವರೆಗೂ ನೋಡುತ್ತಾ ಕೂತಿದ್ದೆ.