ಅಕ್ಷಿತಾಳ ಕಾಗದಕ್ಕೆ ಅಪ್ಪನ ಸಹಿ

ದುಬೈ, ಬುಧವಾರ

ಮಗ ಪುರಂದರನಿಗೆ ಅಮ್ಮನ ಆಶೀರ್ವಾದ.

ಫೋನು ಮಾಡಿದರೆ ಮೀಟಿಂಗ್ ಅನ್ನುತ್ತಿ. ಅದಕ್ಕೇ ನೀನಿರುವ ಅಬುಧಾಬಿಗೆ ಬರುವವರ ಕೈಯಲ್ಲಿ ಪತ್ರೊಡೆಯ ಡಬ್ಬದ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ತಿನ್ನುವ ಮೊದಲು ಓದು.

ಅಕ್ಷಿತಾಳಿಗೆ ಎಂಟು ವರ್ಷವಾಗಿದ್ದಾಗ ಅವಳನ್ನು ಕಾರ್ಟ್ ಎಂಬ ಆ ಗಿಡ್ಡ ರೇಸ್ ಗಾಡಿಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿದವನು ನೀನೇ. ಈಗ ಅವಳು ಗೆದ್ದು ಗೆದ್ದು ಮೇಲೆ ಬಂದಿದ್ದಾಳೆ, ಮಣ್ಣಿನ ಟ್ರ್ಯಾಕಿನಲ್ಲಿ ಸ್ಪ್ರಿಂಟ್ ಎಂಬ ದೊಡ್ಡ ರೇಸ್ ಕಾರು ಓಡಿಸಲು ಕರೆದಿದ್ದಾರೆ. ಹದಿನೆಂಟು ತುಂಬದವರಿಗೆ ಅಪ್ಪನ ಸಹಿ ಬೇಕಂತೆ. ಕಾರು ಮಗುಚೀತು ಎಂದು ಹೆದರಿ ನೀನು ಒಂದು ತಿಂಗಳಿಂದ ಹಾಕುತ್ತಿಲ್ಲ.

ಕೊನೆಗೆ ನಾನೇ ಕನ್ನಡದಲ್ಲಿ ಸಹಿ ಹಾಕಿ, ಅದರ ಮೇಲೆ ದೈವದ ಗಂಧವನ್ನೂ ಹಚ್ಚಿ ಕೊಟ್ಟೆ. ಕಾಗದ ಕೊಳೆಯಾಗಿದೆ ಎಂದು ರೇಸಿನ ಆಫೀಸಿನವನು ವಾಪಸು ಕೊಟ್ಟ. "ಅಜ್ಜಿ, ಪ್ಲೀಸ್, ನೀವಿನ್ನು ಹೆಲ್ಪ್ ಮಾಡುದು ಬೇಡ" ಎಂದು ನಿನ್ನ ಮಗಳು ಕೈಮುಗಿದಳು.

ಹೆದರಿಕೆ ನಿನಗೊಬ್ಬನಿಗೇ ಇರುವುದಾ? ನಿನ್ನ ಅಪ್ಪ ಕಂಬಳದಲ್ಲಿ ಕೋಣ ಓಡಿಸುವಾಗ ನನ್ನ ಸಹಿಯನ್ನು ಯಾರೂ ಕೇಳಲಿಲ್ಲ. ಆಗ ಅವರ ಬಟ್ಟೆಯ ಕೆಸರು ಒಗೆದೆ, ಈಗ ಇವಳ ಬಟ್ಟೆಯ ಮಣ್ಣು ಒಗೆಯುತ್ತಿದ್ದೇನೆ. ಸೊಂಟ ಸೋತಿದೆ. ನಿಮ್ಮಿಬ್ಬರ ನಡುವೆ ಮಾತು ಹೊತ್ತು ನಾಲಿಗೆಯೂ ಸೋತಿದೆ.

ಸಹಿಯ ಹೊಸ ಕಾಗದ ಡಬ್ಬದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ, ಎಣ್ಣೆ ಕೈಯಲ್ಲಿ ಮುಟ್ಟಬೇಡ. ಇನ್ನೆರಡು ತಿಂಗಳಿಗೆ ಅವಳಿಗೆ ಹದಿನೆಂಟು. ಆಮೇಲೆ ಯಾರ ಸಹಿಯೂ ಬೇಡ, ಯಾರನ್ನೂ ಕೇಳಬೇಕೆಂದಿಲ್ಲ. ಈಗ ಇನ್ನೂ ಕೇಳುತ್ತಿದ್ದಾಳೆ, ಮಗಾ.

ನಿನ್ನ ಅಮ್ಮ,
ಗುಲಾಬಿ