ಕೈ ಎತ್ತಿದ ಟೀಚರಿಗೆ ಮೆಮೊ ಕೊಟ್ಟ ಕಾರ್ಯದರ್ಶಿಗಳಿಗೆ

ಶಾಲಾ ಆಡಳಿತ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಪ್ರೌಢಶಾಲೆಯಲ್ಲಿ ಏಳು ವರ್ಷದಿಂದ ಆಟದ ಟೀಚರ್ ಆಗಿರುವ ನನ್ನ ಮಗಳು ವಿನಯಾ ಇನ್ನು ಮೈದಾನಕ್ಕೆ ಇಳಿಯಬಾರದೆಂದು ನೀವು ಆದೇಶ ಮಾಡಿದ್ದೀರಿ. ‘ಸದರಿ ಶಿಕ್ಷಕಿಗೆ ಅಂಥ ಪ್ರವೃತ್ತಿ ಇಲ್ಲವೆಂದು ಮನೆಯ ಯಜಮಾನರು ಹದಿನೈದು ದಿನದೊಳಗೆ ಬರೆದುಕೊಡತಕ್ಕದ್ದು’ ಎಂದು ಮೆಮೊ ಕಳಿಸಿದ್ದೀರಿ. ಅದನ್ನು ಅಳಿಯ ಸುಧಾಕರನ ಕೈಗೇ ಕೊಡಬೇಕೆಂದು ಜವಾನನಿಗೆ ತಾಕೀತು ಬೇರೆ. ಸುಧಾಕರ ಓದಿ ನನಗೆ ಕೊಟ್ಟ. ನಮ್ಮದು ಅಳಿಯಸಂತಾನದ ಮನೆ, ಹೆಂಗಸರ ಹೆಸರಿನಲ್ಲೇ ನಡೆದು ಬಂದದ್ದು. ಈಗ ಯಜಮಾನಿ ನಾನು. ಇದು ನಿಮಗೆ ತಿಳಿಯದ್ದೇನಲ್ಲ. ನೀವು ಹೆಸರಿನ ಮುಂದೆ ಹಾಕಿಕೊಳ್ಳುವ ಮನೆತನವೂ ತಾಯಿಯ ಕಡೆಯದೇ. ಮನೆ, ಗದ್ದೆ, ಹೆಸರು ಎಲ್ಲ ತಾಯಿಯಿಂದ ಪಡೆದವರಿಗೆ ಸಹಿಗೆ ಮಾತ್ರ ಗಂಡಸು ಬೇಕಾಯಿತೇ? ಇರಲಿ. ಯಜಮಾನಿಯ ಉತ್ತರ ಇದು. ಕವರಿನಲ್ಲಿ ಹಾಕಿ ಕಳಿಸಿದರೆ ನಿಮ್ಮ ಮೇಜಿನ ಡ್ರಾಯರು ಸೇರುತ್ತದೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಡೆದದ್ದು ಓದುಗರಿಗೂ ತಿಳಿಯಲಿ. ಮೊನ್ನೆ ಒಂದು ಶನಿವಾರ ನಿಮ್ಮ ಶಿಕ್ಷಕರಿಗೆ ಹದಿಹರೆಯದ ಮಕ್ಕಳ ಆರೋಗ್ಯದ ಬಗ್ಗೆ ತರಬೇತಿ ಇತ್ತು. ಬಂದಿದ್ದ ವೈದ್ಯೆ, ಮನುಷ್ಯರ ಒಲವು ಒಂದೇ ನಮೂನೆ ಇರುವುದಿಲ್ಲ, ಕೆಲವರಿಗೆ ಎದುರಿನವರು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಅಂಥವರನ್ನು ಪ್ಯಾನ್‌ಸೆಕ್ಷುಯಲ್ ಎನ್ನುತ್ತಾರೆ, ಇದು ಕಾಯಿಲೆಯೂ ಅಲ್ಲ, ಚಟವೂ ಅಲ್ಲ ಎಂದು ವಿವರಿಸಿದರಂತೆ. ವೇದಿಕೆಯಲ್ಲಿ ಕೂತಿದ್ದ ನೀವು ಮೈಕು ಎಳೆದುಕೊಂಡು, “ಇದೆಲ್ಲ ದೊಡ್ಡ ಪೇಟಿಯರ್ ರೋಗ. ನಮ್ಮ ಕುಂದಾಪ್ರದ ಬದಿಯಗೆ ಹೀಂಗಿಪ್ಪುವರ್ ಒಬ್ರ್ ಇದ್ರೆ ಕೈ ಎತ್ತಿ ಕಾಂಬ” ಎಂದಿರಿ. ಎಲ್ಲರೂ ನಕ್ಕರು. ವಿನಯಾ ಕೈ ಎತ್ತಿದಳು.

ಕೇಳಿದವರು ನೀವು. ಕೇಳಿದ್ದಕ್ಕೆ ಉತ್ತರ ಹೇಳುವುದು ಅಪರಾಧವಾದರೆ ಶಾಲೆ ಯಾಕೆ ನಡೆಸುತ್ತೀರಿ? ನಿಮ್ಮ ಮುಂದಿನ ಬುದ್ಧಿವಂತಿಕೆಗಂತೂ ಕೈ ಮುಗಿಯಬೇಕು. ಸೋಮವಾರ ಬೆಳಿಗ್ಗೆ ಹುಡುಗಿಯರ ಕಬಡ್ಡಿ ತಂಡದಿಂದ ಅವಳನ್ನು ಬಿಡಿಸಿದಿರಿ, ಹೆಣ್ಣುಮಕ್ಕಳಿಗೆ ಅಪಾಯವೆಂದು. ಮಧ್ಯಾಹ್ನ ಹುಡುಗರ ವಾಲಿಬಾಲಿಗೆ ಹಾಕುವ ಮಾತು ಬಂದಾಗ, ಗಂಡುಮಕ್ಕಳಿಗೂ ಅಪಾಯವೇ ಎಂದು ನಿಮಗೆ ಹೊಳೆಯಿತು. ಸಂಜೆಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟಿರಿ. ಅಲ್ಲಿ ಹಳೆಯ ಭೂಪಟಗಳೂ ಮುರಿದ ಹಾರ್ಮೋನಿಯಮ್ಮೂ ಇವೆಯಂತೆ. ಅವುಗಳ ಮಾನ ನಿಮಗೆ ಅಷ್ಟು ಮುಖ್ಯವಲ್ಲವೋ ಏನೋ. ಒಂದು ಮಾತು ಕೇಳುತ್ತೇನೆ. ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಆರು ಜನ ಗಂಡಸರಿದ್ದಾರೆ. ಆರೂ ಜನರಿಗೆ ಹೆಂಗಸರ ಮೇಲೆಯೇ ಒಲವು. ನಾಲ್ವರಿಗೆ ಮದುವೆಯೂ ಆಗಿದೆ. ಅವರಲ್ಲಿ ಒಬ್ಬರನ್ನಾದರೂ ಹಾರ್ಮೋನಿಯಮ್ಮಿನ ಪಕ್ಕ ಕೂರಿಸಿದ್ದೀರಾ? ಮಕ್ಕಳ ಮೇಲೆ ಕೆಟ್ಟ ಕಣ್ಣು ಹಾಕುವುದು ಬೇರೆ ವಿಷಯ, ದೊಡ್ಡವರ ಒಲವು ಬೇರೆ ವಿಷಯ. ಏಳನೇ ತರಗತಿ ಓದಿದ ನನಗೆ ತಿಳಿಯುವ ಈ ವ್ಯತ್ಯಾಸ, ಗೋಡೆ ತುಂಬ ಸನ್ಮಾನದ ಫಲಕ ತೂಗುಹಾಕಿಕೊಂಡ ನಿಮಗೆ ತಿಳಿಯದೇ ಹೋಯಿತು.

ನಾನೇನೂ ಹುಟ್ಟುವಾಗಲೇ ತಿಳಿದು ಬಂದವಳಲ್ಲ. ದೇವರಿಗೆ ಕೈ ಮುಗಿದು, ಸೇವಂತಿಗೆ ಬೆಳೆದು ಐವತ್ತು ಮುಟ್ಟಿದವಳು. ಮೆಮೊ ಬಂದ ಸಂಜೆ, ಗಿಡಕ್ಕೆ ನೀರು ಬಿಡುತ್ತಿದ್ದ ಮಗಳ ಹಿಂದೆಯೇ ಹೋಗಿ ಕೇಳಿದೆ: “ಹಾಂಗಾರೆ ಸುಧಾಕರನ್ನ ಎಂತಕ್ಕ್ ಮದಿ ಆದ್ದ್ ನೀನ್?”

“ಅವ್ರ್ ಅವ್ರಾಯ್ ಇದ್ದದ್ದಕ್ಕೆ ಅಮ್ಮ. ಗಂಡ್ಸ್ ಅಂದೇಳಿ ಅಲ್ಲ. ಅದೇ ಮನ್ಸ ಹೆಣ್ಣಾಯ್ ಇದ್ರೂ ನಂಗೆ ಹಾಂಗೇ ಆತಿತ್ತ್.”

“ಅಂದ್ರೆ ಕಂಡೋರೆಲ್ಲ ಇಷ್ಟ ಆತ್ರಾ ನಿಂಗೆ?”

ಅವಳು ಪೈಪು ಕೆಳಗೆ ಹಾಕಿದಳು. “ನಿಂಗೆ ಗಂಡಸ್ರ್ ಮಾತ್ರ ಇಷ್ಟ ಅಲ್ದಾ? ಹಾಂಗಂದೇಳಿ ಹೆಮ್ಮಾಡಿ ಬಸ್‌ಸ್ಟ್ಯಾಂಡಗೆ ನಿಂತ ಗಂಡಸ್ರೆಲ್ಲ ಇಷ್ಟವಾ?”

“ಥೂ ಹೆಣೆ, ಆ ಮೋರೆ ಕಾಂಬುಕೂ ಆತಿಲ್ಲ.”

“ನಂಗೂ ಹಾಂಗೇ. ಯಾರಾರೂ ಆಯ್ಲಕ್ಕ್, ಆದ್ರೆ ಎಲ್ಲರೂ ಅಲ್ಲ. ಒಬ್ರ್ ಸಿಕ್ಕಿರ್, ಮದಿ ಆದೆ. ಮದಿ ಆದ್ದಕ್ಕೆ ನಾನ್ ಬೇರೆ ಆಯ್ಲಿಲ್ಲ.”

ಇಷ್ಟೇ ವಿಷಯ. ಹೂವಿನ ಗಿಡದ ನಡುವೆ ನಿಂತು ನನಗೆ ಕಾಲು ಗಂಟೆಯಲ್ಲಿ ಅರ್ಥವಾದದ್ದು, ದಿನವಿಡೀ ತರಬೇತಿ ಕೂತ ನಿಮಗೆ ಆಗಲಿಲ್ಲ. ನನಗೆ ತಾಗಿದ್ದು ಮಾತ್ರ ಬೇರೆ ಮಾತು. ಜಗಲಿಯಲ್ಲಿದ್ದ ಸುಧಾಕರ, “ಅತ್ತೆ, ನಂಗೆ ಮದಿಗ್ ಮುಂಚೆಯೇ ಹೇಳಿದ್ಲ್. ನಿಮ್ಗ್ ಹೇಳುಕೇ ಅವ್ಳಿಗೆ ಹೆದ್ರಿಕಿ” ಎಂದ. ನಗುವ ಇಡೀ ಸಭೆಯ ಮುಂದೆ ಕೈ ಎತ್ತಲು ಹೆದರದವಳು ನನಗೆ ಹೆದರಿದ್ದಳು.

ಹೆದರಿದ್ದು ಸರಿಯೇ ಇತ್ತು. ಮಾರನೆಯ ದಿನ ‘ತಮಾಷೆಗೆ ಕೈ ಎತ್ತಿದೆ, ಮನ್ನಿಸಬೇಕು’ ಎಂದು ನಾನೇ ಒಕ್ಕಣೆ ಬರೆದು ಅವಳ ಮುಂದಿಟ್ಟೆ. ಕೆಲಸ ಉಳಿಯಲಿ ಎಂಬ ಆಸೆ. ಅವಳು ಓದಿ, “ನೀನ್ ಹೇಳ್ರೆ ಹಾಕ್ತೆ ಅಮ್ಮ” ಎಂದು ಪೆನ್ನು ತೆಗೆದಳು. ಮಕ್ಕಳ ತಂಡ ಒಂದು ಪಂದ್ಯ ಸೋತರೆ ಊಟ ಬಿಡುವ ಹುಡುಗಿ ಅದು. ಅಂದು ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರದೋ ಮನೆಯ ಕಾಗದಕ್ಕೆ ಸಾಕ್ಷಿ ಹಾಕುವವರ ಹಾಗೆ ಕೂತಿದ್ದಳು. ಅವಳು ಸಹಿ ಹಾಕಿದರೆ ಶಾಲೆಯಲ್ಲಿ ಉಳಿದಾಳು, ನನ್ನ ಹತ್ತಿರ ಮತ್ತೆ ನಿಜ ಮಾತಾಡಲಾರಳು ಎಂದು ಗೊತ್ತಾಯಿತು. ಕಾಗದ ಎಳೆದುಕೊಂಡು ಒಲೆಗೆ ಹಾಕಿದೆ.

ನೀವು ಸುಧಾಕರನಿಗೆ ಫೋನು ಮಾಡಿ ಪುಕ್ಕಟೆ ಉಪದೇಶವನ್ನೂ ಕೊಟ್ಟಿರಿ: “ದೇವಸ್ಥಾನಕ್ಕ್ ಕರ್ಕಂಡ್ ಹೋಯಿ ಒಂದ್ ತಪ್ಪು ಕಾಣಿಕೆ ಹಾಕ್ಸಿ, ಸರಿ ಆತ್ತ್.” ದೇವರ ವಿಷಯದಲ್ಲಿ ನನಗೆ ನಿಮ್ಮ ದಲ್ಲಾಳಿತನ ಬೇಡ. ತಪ್ಪು ಕಾಣಿಕೆ ಎಂದರೆ ತಪ್ಪು ಮಾಡಿದವರು ದೇವರ ಮುಂದೆ ಒಪ್ಪಿಕೊಂಡು ಹಾಕುವುದು. ನಾನು ಹೋಗಿ ನನ್ನ ಹೆಸರಿನಲ್ಲಿ ಹಾಕಿದೆ. ಭಟ್ರು, “ಎಂತ ತಪ್ಪಾಯ್ತ್ ಚಂದ್ರಮತಿ?” ಎಂದರು. “ಮಗ್ಳ್ ಹತ್ರ ಸುಳ್ಳಿಗ್ ಸಹಿ ಹಾಕ್ಸುಕೆ ಹೊರ್ಟಿದ್ದೆ ಭಟ್ರೆ” ಎಂದೆ. ಅವರು ಮತ್ತೇನೂ ಕೇಳದೆ ಪ್ರಸಾದ ಕೊಟ್ಟರು. ನಿಮ್ಮ ಪರವಾಗಿ ನಾನೇ ಹಾಕಬಹುದೇ ಎಂದೂ ವಿಚಾರಿಸಿದೆ. ಬರುವುದಿಲ್ಲವಂತೆ, ಸ್ವತಃ ಬರಬೇಕಂತೆ.

ಇಷ್ಟು ಬರೆದು ವಿನಯಾಳಿಗೆ ಓದಿ ಹೇಳಿದೆ. “ಇದ್ ಅಚ್ಚಾಯ್ ಬಂದ್ರೆ ನನ್ ಕೆಲ್ಸ ಹೋಪ್ದೇ ಸೈ” ಎಂದಳು. “ಹಾಂಗಾರೆ ಬ್ಯಾಡ್ದಾ?” ಎಂದೆ. ಕಾಗದ ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ತಾನೇ ಓದಿ, “ಕೊಡ್. ನನ್ ಹೆಸ್ರ್ ಹಾಕಿಯೇ ಕೊಡ್” ಎಂದಳು.

ಕೆಲಸ ಹೋದರೆ ಹೋಗಲಿ ಎನ್ನುವ ದೊಡ್ಡ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹೋಗಬಾರದು. ಅದು ಅವಳು ದುಡಿದು ಉಳಿಸಿಕೊಂಡ ಕೆಲಸ, ನಿಮ್ಮ ಮನೆಯ ಹಿತ್ತಿಲಿನ ಬಾಳೆಗೊನೆ ಅಲ್ಲ. ಬರುವ ಶನಿವಾರ ಅದೇ ಸಭಾಂಗಣದಲ್ಲಿ, ಅದೇ ಶಿಕ್ಷಕರ ಮುಂದೆ, ಅದೇ ಮೈಕಿನಲ್ಲಿ ಮೆಮೊ ಹಿಂದಕ್ಕೆ ಪಡೆಯಿರಿ. ಸೋಮವಾರ ಬೆಳಿಗ್ಗೆ ವಿನಯಾ ಮೈದಾನದಲ್ಲಿ ಇರಬೇಕು. ಸೋಮವಾರ ನನಗೆ ಹೇಗೂ ಉಪವಾಸ. ಮನೆಯಲ್ಲೇ ಮಾಡಬೇಕೆಂದಿಲ್ಲ, ನಿಮ್ಮ ಕಚೇರಿಯ ಬಾಗಿಲಲ್ಲಿ ಕೂತೂ ಮಾಡಬಹುದು.

ಇಂತಿ,
ಎಲ್ಲರಿಗಿಂತ ಕಡೆಗೆ ತಿಳಿದುಕೊಂಡ ತಾಯಿ,
ಚಂದ್ರಮತಿ, ಹೆಮ್ಮಾಡಿ